ಹತ್ತು ಮೊಟ್ಟೆ, ಐದು ಡೆಕಾ ಬೆಣ್ಣೆ: ಹಸಿದವರು ಬರೆದಿಟ್ಟ ಅಡುಗೆ ಪುಸ್ತಕಗಳು

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಸೆರೆಯಲ್ಲಿದ್ದ ಯಹೂದಿ ಹೆಂಗಸರು ಹೊಟ್ಟೆಗಿಲ್ಲದೆ ಸಾಯುತ್ತಿದ್ದಾಗಲೂ ಅಡುಗೆ ಪುಸ್ತಕ ಬರೆದರು ಎಂದು ಓದಿದೆ. ನಂಬಲು ಕಷ್ಟವಾಯಿತು. ಇದು ನಿಜವೇ? ತುತ್ತು ಅನ್ನಕ್ಕೆ ಗತಿಯಿಲ್ಲದವರು ಕೇಕ್ ಮಾಡುವ ಬಗೆಯನ್ನು ಯಾಕೆ ಬರೆದರು? ವಿದ್ವಾಂಸರು ಇದನ್ನು ಹೇಗೆ ಓದುತ್ತಾರೆ? ಆ ಅಡುಗೆಗಳನ್ನು ಈಗ ನಾವು ಮಾಡಿ ತಿನ್ನಬಹುದೇ? ನಮ್ಮ ಮನೆಯಲ್ಲಿ ಅಜ್ಜಿಯ ಹಳೆಯ ಅಡುಗೆ ನೋಟ್‌ಬುಕ್ ಒಂದಿದೆ. ಅದನ್ನು ತೆರೆದಾಗಲೆಲ್ಲ ಈ ಪ್ರಶ್ನೆಗಳು ಕಾಡುತ್ತವೆ.

ಉತ್ತರ: ನಿಜ. ಅಂಥ ಪುಸ್ತಕ ಒಂದೇ ಅಲ್ಲ, ಹಲವು ಸಿಕ್ಕಿವೆ. ಇಂದಿನ ಚೆಕ್ ದೇಶದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್‌ನಿಂದ ಬಂದದ್ದಿದೆ, ಜರ್ಮನಿಯ ರಾವೆನ್ಸ್‌ಬ್ರೂಕ್ ಹೆಂಗಸರ ಕ್ಯಾಂಪಿನಲ್ಲಿ ಬರೆದು ಈಗ ಸಿಡ್ನಿಯ ಯಹೂದಿ ಮ್ಯೂಸಿಯಂನಲ್ಲಿ ಇಟ್ಟಿರುವುದಿದೆ, ಮದ್ದುಗುಂಡು ಕಾರ್ಖಾನೆಯಲ್ಲಿ ಜೀತಕ್ಕಿದ್ದವರು ಅಲ್ಲಿನ ಅಚ್ಚಾದ ಕಾಗದಗಳ ಬೆನ್ನಿಗೆ ಬರೆದುಕೊಂಡದ್ದಿದೆ. ನಾನು ಟೆರೆಜಿನ್‌ನದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅದರ ಕಥೆ ಚೆನ್ನಾಗಿ ದಾಖಲಾಗಿದೆ, ಈ ವಿಷಯದ ಅಧ್ಯಯನಕ್ಕೆ ದೊಡ್ಡ ಓದುಗ ವರ್ಗ ಸಿಕ್ಕಿದ್ದೂ ಅದರಿಂದಲೇ.

ಅದನ್ನು ಜೋಪಾನ ಮಾಡಿದ ಹೆಂಗಸಿನ ಹೆಸರು ಮೀನಾ ಪೆಖ್ಟರ್. ಹುಟ್ಟಿದ್ದು 1872ರಲ್ಲಿ, ಇಂದಿನ ಚೆಕ್ ದೇಶದ ಭಾಗವಾದ ಬೊಹೆಮಿಯಾದಲ್ಲಿ. ಜರ್ಮನ್ ಮಾತನಾಡುವ, ಕಲೆ ಸಾಹಿತ್ಯ ಬಲ್ಲ ಮನೆತನ. 1939ರಲ್ಲಿ ಮಗಳು ಆನಿ ದೇಶ ಬಿಟ್ಟು ಪ್ಯಾಲೆಸ್ಟೈನಿಗೆ ಹೊರಟಾಗ ತಾಯಿಯನ್ನೂ ಕರೆದಳು. ಹಳೇ ಮರವನ್ನು ಕಿತ್ತು ಬೇರೆ ಕಡೆ ನೆಡುವುದಿಲ್ಲ, ಅದೂ ಅಲ್ಲದೆ ಮುದುಕರಿಗೆ ಯಾರು ಏನು ಮಾಡುತ್ತಾರೆ ಎಂದು ತಾಯಿ ಒಪ್ಪಲಿಲ್ಲ. ನಮ್ಮ ಮನೆಯ ಹಿರಿಯರೂ ಇದನ್ನೇ ಹೇಳಿಯಾರು. ಆ ಮುದುಕಿಯನ್ನು ಟೆರೆಜಿನ್‌ಗೆ ಒಯ್ದರು. 1944ರ ಯೋಮ್ ಕಿಪುರ್ ದಿನ, ಅಂದರೆ ಯಹೂದಿಗಳು ನೀರೂ ಮುಟ್ಟದೆ ಉಪವಾಸ ಇರುವ ದಿನ, ಅಲ್ಲಿನ ಆಸ್ಪತ್ರೆಯಲ್ಲಿ ಹಸಿವಿನಿಂದ ಬಂದ ಕಾಯಿಲೆಗೆ ತೀರಿಕೊಂಡರು.

ಸಾಯುವ ಮುಂಚೆ ಪರಿಚಿತರೊಬ್ಬರ ಕೈಗೆ ಒಂದು ಪೊಟ್ಟಣ ಕೊಟ್ಟು, ಹೇಗಾದರೂ ಮಾಡಿ ಇದನ್ನು ನನ್ನ ಮಗಳಿಗೆ ಮುಟ್ಟಿಸಿ ಎಂದಿದ್ದರು. ಆತ ಬದುಕಿ ಉಳಿದ, ಆದರೆ ಮಗಳ ವಿಳಾಸ ಅವನ ಬಳಿ ಇರಲಿಲ್ಲ. ಪೊಟ್ಟಣ ವರ್ಷಗಟ್ಟಲೆ ಅವನ ಹತ್ತಿರವೇ ಇತ್ತು. ಅಂತೂ ಇಸ್ರೇಲ್ ತಲುಪುವ ಹೊತ್ತಿಗೆ ಮಗಳ ಸಂಸಾರ ಅಮೆರಿಕಕ್ಕೆ ಹೋಗಿಯಾಗಿತ್ತು. ಕೊನೆಗೆ 1969ರಲ್ಲಿ ನ್ಯೂಯಾರ್ಕಿನ ಮನೆಯಲ್ಲಿ ಫೋನ್ ಬಾರಿಸಿತು. ನೀವು ಆನಿ ಸ್ಟರ್ನ್ ಅಲ್ಲವೇ, ನಿಮ್ಮ ತಾಯಿ ಕೊಟ್ಟ ಪೊಟ್ಟಣ ನನ್ನ ಹತ್ತಿರ ಇದೆ ಎಂದಿತು ಆ ಕಡೆಯ ದನಿ. ತಾಯಿ ಸತ್ತು ಇಪ್ಪತ್ತೈದು ವರ್ಷ ಆಗಿತ್ತು. ಒಳಗಿದ್ದದ್ದು ಮೊಮ್ಮಗನ ಜೊತೆ ಮೀನಾ ಕೂತ ಒಂದು ಫೋಟೊ, ಕೆಲವು ಪತ್ರ, ಟೆರೆಜಿನ್ ಬಗ್ಗೆ ಬರೆದ ಪದ್ಯಗಳು, ಮತ್ತು ಕೈಯಲ್ಲೇ ಹೊಲಿದು ಕಟ್ಟಿದ, ಮುಟ್ಟಿದರೆ ಪುಡಿಯಾಗುವಂಥ ಹಾಳೆಗಳ ಒಂದು ಅಡುಗೆ ಪುಸ್ತಕ. ಆನಿಗೆ ಅದನ್ನು ಓದುವ ಧೈರ್ಯ ಬಹಳ ಕಾಲ ಬರಲಿಲ್ಲ. ಅಮ್ಮನ ಕೈಯೇ ನನ್ನ ಕಡೆ ಚಾಚಿದ ಹಾಗಿತ್ತು ಎಂದು ಆಮೇಲೆ ಹೇಳಿದರು.

ಈ ಹಸ್ತಪ್ರತಿ ಈಗ ವಾಷಿಂಗ್ಟನ್‌ನ ಅಮೆರಿಕ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆ) ಸ್ಮಾರಕ ಮ್ಯೂಸಿಯಂನಲ್ಲಿದೆ. ಕಾರಾ ಡಿ ಸಿಲ್ವಾ ಅದನ್ನು ಸಂಪಾದಿಸಿ 1996ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಜರ್ಮನ್ನಿನಿಂದ ಅನುವಾದಿಸಿದ ಬಿಯಾಂಕಾ ಸ್ಟೈನರ್ ಬ್ರೌನ್ ಸ್ವತಃ ಟೆರೆಜಿನ್‌ನಲ್ಲಿ ಸೆರೆಯಲ್ಲಿದ್ದವರು.

ಇನ್ನು ಪುಸ್ತಕದ ಒಳಗೆ ಹೋಗೋಣ. ಮೊದಲು ಕಣ್ಣಿಗೆ ಬೀಳುವುದು ಕೈಬರಹ. ಅದು ಒಬ್ಬರದಲ್ಲ, ಹಲವರದು. ಮೀನಾ ಒಬ್ಬರೇ ಬರೆದ ಪುಸ್ತಕ ಎಂದು ಅನೇಕರು ಹೇಳುತ್ತಾರೆ, ಅದು ಸರಿಯಲ್ಲ. ಸುತ್ತ ಕೂತ ಹೆಂಗಸರು ತಮ್ಮ ತಮ್ಮದನ್ನು ಹೇಳಿದ್ದಾರೆ, ಬರೆದಿದ್ದಾರೆ. ಅವರಲ್ಲಿ ಇದಕ್ಕೊಂದು ಮಾತೇ ಇತ್ತು: ಬಾಯಲ್ಲಿ ಅಡುಗೆ ಮಾಡುವುದು. ಬಂಕಿನ ಮೇಲೆ ಮಲಗಿ, ನಾನು ಇದಕ್ಕೆ ಇಷ್ಟು ಬೆಣ್ಣೆ ಹಾಕುತ್ತಿದ್ದೆ, ಇಲ್ಲ ಇಲ್ಲ ಅಷ್ಟು ಹಾಕಿದರೆ ಕೆಡುತ್ತದೆ ಎಂದು ವಾದ ಮಾಡುತ್ತಾ ಹೊತ್ತು ಕಳೆಯುತ್ತಿದ್ದರು.

ಒಂದು ಅಡುಗೆಯನ್ನು ಹತ್ತಿರದಿಂದ ನೋಡಿ. ತುಂಬಿದ ಮೊಟ್ಟೆ, ಅದಕ್ಕೆ ಪೆಖ್ಟರ್ ಮನೆತನದ ಹೆಸರೇ ಇದೆ. ಹತ್ತು ಮೊಟ್ಟೆ ಗಟ್ಟಿಯಾಗಿ ಬೇಯಿಸಿ ಎರಡು ಹೋಳು ಮಾಡಬೇಕು. ಹಳದಿ ತೆಗೆದು ಜರಡಿಯಲ್ಲಿ ಉಜ್ಜಿ ಇಳಿಸಬೇಕು. ಅದಕ್ಕೆ ಐದು ಡೆಕಾ ಬೆಣ್ಣೆ, ಉಪ್ಪಿನಲ್ಲಿಟ್ಟ ಎರಡು ಆಂಚೊವಿ ಮೀನು, ಒಂದಿಷ್ಟು ಸಾಸಿವೆ, ಮೂರು ನಾಲ್ಕು ತೊಟ್ಟು ಮ್ಯಾಗಿ, ಕಡೆದ ಕೆನೆ, ನಿಂಬೆರಸ. ಬಟ್ಟಲಲ್ಲಿ ಜೋಡಿಸಿ ಮೇಲೆ ಮಾಂಸದ ಜೆಲ್ಲಿ ಸುರಿಯಬೇಕು. ಸುರಿಯುವ ಮುಂಚೆ, ಕಲ್ಪನೆಯನ್ನು ಹರಿಯಬಿಡಿ ಎನ್ನುತ್ತದೆ ಪುಸ್ತಕ, ಹ್ಯಾಮ್, ಸಾಲ್ಮನ್, ಕ್ಯಾವಿಯರ್, ಕೇಪರ್‌ಗಳಿಂದ ಅಲಂಕರಿಸಿ.

ಇಲ್ಲಿ ನಿಂತು ನೋಡಬೇಕಾದ್ದು ಎಷ್ಟೊಂದಿದೆ. ಡೆಕಾ ಎಂದರೆ ಹತ್ತು ಗ್ರಾಂ. ಹಳೆಯ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಅಂಗಡಿ ಅಳತೆ ಇದು, ಅಲ್ಲಿನವರು ಈಗಲೂ ಹತ್ತು ಡೆಕಾ ಚೀಸ್ ಕೊಡಿ ಎನ್ನುತ್ತಾರೆ. ನಮ್ಮಲ್ಲಿ ಒಬ್ಬರು ಪಾವು, ಅಚ್ಚೇರು ಎಂದು ಬರೆದಿದ್ದರೆ ಅವರ ಕಾಲ, ಸೀಮೆ ಎರಡೂ ಗೊತ್ತಾಗುತ್ತದಲ್ಲ, ಹಾಗೆ. ಮ್ಯಾಗಿ ಎಂದರೆ ನಾವು ಮಕ್ಕಳಿಗೆ ಮಾಡಿಕೊಡುವ ನೂಡಲ್ಸ್ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1880ರ ದಶಕದಲ್ಲಿ ಶುರುವಾದ ರುಚಿಯ ದ್ರವ, ಮಧ್ಯಮ ವರ್ಗದ ಅಡುಗೆಮನೆಯ ಶೆಲ್ಫಿನಲ್ಲಿ ಇರುತ್ತಿದ್ದ ಪುಟ್ಟ ಬಾಟಲಿ. ಇನ್ನು ಹ್ಯಾಮ್. ಅದು ಹಂದಿಮಾಂಸ, ಯಹೂದಿ ಧರ್ಮದಲ್ಲಿ ನಿಷಿದ್ಧ. ಮಾಂಸದ ಜೊತೆ ಬೆಣ್ಣೆ, ಕೆನೆ ಸೇರುವುದೂ ನಿಷಿದ್ಧ. ಅಂದರೆ ಈ ಹೆಂಗಸರ ಅಡುಗೆಮನೆ ವಿಯೆನ್ನಾ, ಪ್ರಾಗ್‌ಗಳ ಅಕ್ಕಪಕ್ಕದ ಕ್ರೈಸ್ತ ಮನೆಗಳಿಗಿಂತ ತೀರಾ ಬೇರೆಯಾಗಿರಲಿಲ್ಲ. ಲಿನ್ಸರ್ ಟಾರ್ಟ್, ಪ್ಲಮ್ ಹಣ್ಣಿನ ಸ್ಟ್ರೂಡಲ್, ಈಲಿಯ ಕಡುಬು, ಗುಲಾಷ್, ಇವೇ ಅಲ್ಲಿನ ಹೆಸರುಗಳು. ಅದೇ ಪುಸ್ತಕದಲ್ಲಿ ‘ಅಗ್ಗದ ಅಪ್ಪಟ ಯಹೂದಿ ಬೋಬೆ’ ಎಂಬ ಕೇಕೂ ಇದೆ. ಅದರ ಹೆಸರಲ್ಲಿ ಬಿಡಿಸಿ ‘ಯಹೂದಿ’ ಎಂದು ಹೇಳಬೇಕಾಯಿತು ಎಂಬುದನ್ನೇ ಗಮನಿಸಿ. ತಾವು ಜರ್ಮನ್ ಸಂಸ್ಕೃತಿಯ ಮಕ್ಕಳು ಎಂದುಕೊಂಡವರನ್ನು ಆ ಸಂಸ್ಕೃತಿಯ ಹೆಸರಿನಲ್ಲೇ ಗಡಿಪಾರು ಮಾಡಿದ್ದರು. ಈ ಒಂದು ಪುಟದ ಅಡುಗೆ ಆ ಸತ್ಯವನ್ನು ಯಾವ ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತದೆ ಎಂಬುದು ನನ್ನ ನಂಬಿಕೆ.

ಆದರೆ ಹತ್ತು ಮೊಟ್ಟೆ! ಅವರಿಗೆ ನಿಜವಾಗಿ ಸಿಗುತ್ತಿದ್ದದ್ದೇನು ಎಂಬುದನ್ನು ಇದರ ಪಕ್ಕದಲ್ಲೇ ಇಟ್ಟು ಓದಬೇಕು, ಇಲ್ಲದಿದ್ದರೆ ಈ ಪುಸ್ತಕ ಅರ್ಥವಾಗುವುದಿಲ್ಲ. ಟೆರೆಜಿನ್ ಹಳೆಯ ಕೋಟೆ ಊರು. ಯುದ್ಧಕ್ಕೆ ಮುಂಚೆ ಸೈನಿಕರೂ ಊರವರೂ ಸೇರಿ ಸುಮಾರು ಏಳು ಸಾವಿರ ಜನ ಇದ್ದರು. 1942ರ ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ ಸುಮಾರು 58,000 ಜನರನ್ನು ತುಂಬಿದ್ದರು, ಆ ಒಂದೇ ತಿಂಗಳಲ್ಲಿ 3,900ಕ್ಕೂ ಹೆಚ್ಚು ಮಂದಿ ಸತ್ತರು. ಬೆಳಿಗ್ಗೆ ಕಾಫಿ ಬೀಜವೇ ಇಲ್ಲದ ಕರೀ ನೀರು, ಮಧ್ಯಾಹ್ನ ಬೇಳೆ ಪುಡಿಯ ತಿಳಿ ಸೂಪು, ಒಂದಿಷ್ಟು ಆಲೂಗಡ್ಡೆ, ಲೆಕ್ಕದ ಬ್ರೆಡ್ಡು. ಪಾತ್ರೆ ಹಿಡಿದು ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ಸಿಪ್ಪೆಗಾಗಿ ಕಸದ ಗುಡ್ಡೆ ಕೆದಕುವ ಮುದುಕರ ಚಿತ್ರ ಅಲ್ಲಿಂದ ಬದುಕಿ ಬಂದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ಮನಸ್ಸಿಗೆ ನೋವಾಗುವ ಒಂದು ಸಂಗತಿ ಇದೆ. ಅದನ್ನು ಬಿಟ್ಟು ಹೇಳಿದರೆ ಅರ್ಧ ಸತ್ಯವಾಗುತ್ತದೆ. ಟೆರೆಜಿನ್‌ನ ಒಳಾಡಳಿತ ಯಹೂದಿ ಮಂಡಳಿಯ ಕೈಯಲ್ಲಿತ್ತು. ಬರುವ ಆಹಾರ ಎಲ್ಲರಿಗೂ ಸಾಲದು ಎಂದು ಗೊತ್ತಾದಾಗ ಮಂಡಳಿ ಮಕ್ಕಳಿಗೆ, ಕಷ್ಟದ ಕೆಲಸ ಮಾಡುವವರಿಗೆ ಹೆಚ್ಚು ಪಾಲು ಇಟ್ಟಿತು, ಕೆಲಸ ಮಾಡದ ಮುದುಕರ ಪಾಲು ಕಡಿಮೆಯಾಯಿತು. ಟೆರೆಜಿನ್‌ನಲ್ಲೇ ಸತ್ತ ಸುಮಾರು 33,000 ಜನರಲ್ಲಿ ಬಹುಪಾಲು ವಯಸ್ಸಾದವರು. ಇತಿಹಾಸಕಾರ್ತಿ ಆನಾ ಹಾಯ್ಕೋವಾ ಅಲ್ಲಿನ ದಿನನಿತ್ಯದ ಬದುಕಿನ ಮೇಲೆ ಬರೆದ 2020ರ ಪುಸ್ತಕದಲ್ಲಿ ಯಾರಿಗೆ ಎಷ್ಟು ಸಿಕ್ಕಿತು, ಯಾಕೆ ಸಿಕ್ಕಿತು ಎಂಬುದನ್ನು ಬಿಡಿಸಿ ತೋರಿಸಿದ್ದಾರೆ. ಎಪ್ಪತ್ತು ದಾಟಿದ ಮೀನಾ ಪೆಖ್ಟರ್ ಆ ಪಟ್ಟಿಯ ಕೊನೆಯ ಸಾಲಿನವರು. ಹತ್ತು ಮೊಟ್ಟೆಯ ಅಡುಗೆಯನ್ನು ಕಾಪಾಡಿದ್ದು ಆ ಸಾಲಿನಲ್ಲಿ ನಿಂತವರು.

ಯುದ್ಧಕಾಲದ ಯಹೂದಿ ಅಡುಗೆ ಎಂದರೆ ಟೆರೆಜಿನ್ ಒಂದೇ ಅಲ್ಲ. ಬರ್ಲಿನ್‌ನಲ್ಲಿ ಇನ್ನೂ ತಮ್ಮ ಮನೆಗಳಲ್ಲೇ ಇದ್ದ ಯಹೂದಿಗಳು 1940ರಿಂದ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಅಂಗಡಿಗೆ ಹೋಗಬಹುದಿತ್ತು. ಅಷ್ಟು ಹೊತ್ತಿಗೆ ತರಕಾರಿಯೆಲ್ಲ ಖಾಲಿ. 1942ರ ಸೆಪ್ಟೆಂಬರಿನಲ್ಲಿ ಅವರಿಗೆ ಮಾಂಸ, ಮೊಟ್ಟೆ, ಹಾಲು, ಗೋಧಿಯ ಪದಾರ್ಥ ಯಾವುದೂ ಕೂಡದು ಎಂದು ಆಜ್ಞೆಯಾಯಿತು. ಪೋಲೆಂಡಿನ ವುಚ್ ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಆಲೂಗಡ್ಡೆ ಸಿಪ್ಪೆಗೂ ಬೆಲೆ ಬಂತು, ಸಾರ್ವಜನಿಕ ಅಡುಗೆಮನೆಯಿಂದ ಸಿಪ್ಪೆ ಪಡೆಯಲು ಡಾಕ್ಟರ ಚೀಟಿ ಬೇಕಾಗುತ್ತಿತ್ತು. ಬದಲಿ ಕಾಫಿಯ ಗಸಿಯನ್ನು ತಟ್ಟಿ ಬೇಯಿಸಿ ಕೇಕ್ ಎಂದು ತಿಂದರು. ಇವು ನಿಜವಾಗಿ ಬೆಂದ ಅಡುಗೆಗಳು. ಬಾಯಲ್ಲಿ ಮಾಡಿದ ಅಡುಗೆಯನ್ನೂ ಒಲೆಯ ಮೇಲೆ ಮಾಡಿದ ಅಡುಗೆಯನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ವಾರ್ಸಾ ಘೆಟ್ಟೋದ ದಾಖಲೆಗಳು ಇನ್ನೊಂದು ತೆರ. 1940ರ ನವೆಂಬರ್‌ನಲ್ಲಿ ಗೋಡೆ ಕಟ್ಟಿ ಬಾಗಿಲು ಹಾಕಿದ ಆ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದರು. ರೇಷನ್ ಕಾರ್ಡಿನ ಮೇಲೆ ಸಿಗುತ್ತಿದ್ದದ್ದು ದಿನಕ್ಕೆ ಇನ್ನೂರು ಕ್ಯಾಲರಿಗೂ ಕಡಿಮೆ, ಉಳಿದದ್ದೆಲ್ಲ ಕಳ್ಳಸಾಗಣೆಯಿಂದ ಬರಬೇಕು. ಗೋಡೆಯ ತೂತಿನಲ್ಲಿ ನುಸುಳಿ ಆಲೂಗಡ್ಡೆ ತರುತ್ತಿದ್ದವರಲ್ಲಿ ಮಕ್ಕಳೇ ಬಹಳ. 1942ರ ಮಧ್ಯಭಾಗದ ಹೊತ್ತಿಗೆ ಸುಮಾರು 83,000 ಮಂದಿ ಹಸಿವು, ಕಾಯಿಲೆಗಳಿಂದ ಸತ್ತಿದ್ದರು. ಅಲ್ಲಿ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲುಮ್ ಗುಟ್ಟಾಗಿ ಒಂದು ದಾಖಲೆ ಸಂಗ್ರಹ ನಡೆಸುತ್ತಿದ್ದರು. ಅದನ್ನು ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟರು. ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ಲೇಖಕಿ ರಾಹೆಲ್ ಔವರ್‌ಬಾಖ್ ಲೆಷ್ನೋ ಬೀದಿಯ 40ನೇ ನಂಬರಿನಲ್ಲಿ ಗಂಜಿ ಕೇಂದ್ರ ನಡೆಸುತ್ತಿದ್ದವರು. ಅದರ ಬಗ್ಗೆ ಅವರು ಬರೆದದ್ದನ್ನು ಓದಿದರೆ ಎದೆ ಭಾರವಾಗುತ್ತದೆ. ಪ್ರತಿದಿನ ಸೌಟು ಹಿಡಿದವರೇ ಕೊನೆಗೆ, ಈ ಸೂಪು ಯಾರನ್ನೂ ಉಳಿಸುತ್ತಿಲ್ಲ, ಸಾವನ್ನು ಒಂದಷ್ಟು ಮುಂದಕ್ಕೆ ಹಾಕುತ್ತಿದೆ ಅಷ್ಟೇ ಎಂಬ ತೀರ್ಮಾನಕ್ಕೆ ಬಂದರು. ಆದರೂ ಸೌಟು ಕೆಳಗಿಡಲಿಲ್ಲ.

ಅದೇ ವಾರ್ಸಾದಲ್ಲಿ ಯಹೂದಿ ವೈದ್ಯರು 1942ರಲ್ಲಿ ಹಸಿವನ್ನೇ ಒಂದು ಕಾಯಿಲೆ ಎಂದು ತೆಗೆದುಕೊಂಡು ಅಧ್ಯಯನ ಮಾಡಿದರು. ರೋಗಿಗಳ ಹಾಗೆ ವೈದ್ಯರೂ ಹಸಿದವರೇ. ಜುಲೈ 22ರಂದು ಜನರನ್ನು ಸಾವಿನ ಕ್ಯಾಂಪಿಗೆ ಸಾಮೂಹಿಕವಾಗಿ ಸಾಗಿಸುವುದು ಶುರುವಾದ ಮೇಲೆ ಕೆಲಸ ನಿಂತಿತು. ಮುನ್ನುಡಿಯಲ್ಲಿ ಡಾ. ಇಸ್ರಾಯೆಲ್ ಮಿಲೆಯ್ಕೋವ್‌ಸ್ಕಿ, ಕೈಯಲ್ಲಿ ಲೇಖನಿ ಹಿಡಿದಿದ್ದೇನೆ, ಸಾವು ನನ್ನ ಕೋಣೆಯೊಳಗೆ ದಿಟ್ಟಿಸುತ್ತಿದೆ ಎಂದು ಬರೆದರು. ಹಸ್ತಪ್ರತಿಯನ್ನು ಘೆಟ್ಟೋದ ಹೊರಗೆ ದಾಟಿಸಿದ್ದರಿಂದ 1946ರಲ್ಲಿ ಅಚ್ಚಾಯಿತು. ಅಡುಗೆಯ ಚರಿತ್ರೆ ಓದುವವರು ಇದನ್ನು ವೈದ್ಯಶಾಸ್ತ್ರ ಎಂದು ಪಕ್ಕಕ್ಕಿಡಬಾರದು. ಟೆರೆಜಿನ್‌ನ ಕೇಕುಗಳನ್ನೂ ವಾರ್ಸಾದ ಈ ಅಂಕಿ ಅಂಶಗಳನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ ಎರಡೂ ಅರ್ಥವಾಗುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾಕೆ ಬರೆದರು?

ಒಂದು ಕಾರಣ ದೇಹದ್ದು. ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ 36 ಯುವಕರನ್ನು ಅವರ ಒಪ್ಪಿಗೆಯ ಮೇಲೆ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಅವರು ದಿನವಿಡೀ ಊಟದ ಮಾತೇ ಆಡತೊಡಗಿದರು. ಅಡುಗೆ ಪುಸ್ತಕ ಕೊಂಡು ಕಾದಂಬರಿಯಂತೆ ಓದಿದರು, ಅಡುಗೆ ವಿಧಾನಗಳನ್ನು ನಕಲು ಮಾಡಿಟ್ಟುಕೊಂಡರು. ಮುಂಚೆ ಅಡುಗೆಮನೆಯ ಗೊಡವೆಯೇ ಇಲ್ಲದ ಗಂಡಸರು ಇವರು. ಫಿಲಿಪೀನ್ಸಿನಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕ ಅಮೆರಿಕದ ಸೈನಿಕರೂ ಮನಿಲಾದ ಬಿಲಿಬಿಡ್ ಜೈಲಿನಲ್ಲಿ ಅಡುಗೆ ವಿಧಾನ ಬರೆದುಕೊಂಡರು, ಅವು 1946ರಲ್ಲಿ ಪುಸ್ತಕವಾದವು. ಆದ್ದರಿಂದ ಹೆಂಗಸರಾದ ಕಾರಣಕ್ಕೆ ಅಡುಗೆಯ ಮಾತಾಡಿದರು ಎಂಬ ವಾದ ಅರ್ಧ ಮಾತ್ರ ನಿಜ. ಹಸಿದ ಮನುಷ್ಯ ಊಟವನ್ನೇ ಧ್ಯಾನಿಸುತ್ತಾನೆ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಮೀನಾ ಪೆಖ್ಟರ್‌ಗೆ ಅನ್ಯಾಯ. ಮರ್ನಾ ಗೋಲ್ಡನ್‌ಬರ್ಗ್ ಎಂಬ ವಿದುಷಿ ಕ್ಯಾಂಪುಗಳ ‘ಊಟದ ಮಾತು’ಗಳನ್ನು ಅಧ್ಯಯನ ಮಾಡಿ, ಹೆಂಗಸರಿಗೆ ಅದು ಬರೀ ಹಂಬಲವಲ್ಲ, ಕೈಕೆಲಸದ ನೆನಪು ಎಂದು ತೋರಿಸಿದರು. ಮನೆಯಲ್ಲಿ ಅವರು ಯಾವುದಕ್ಕೆ ಯಜಮಾನಿಯರಾಗಿದ್ದರೋ ಆ ಕೆಲಸವನ್ನು ಮಾತಿನಲ್ಲಾದರೂ ಮುಂದುವರಿಸಿದರು, ಕಿರಿಯರಿಗೆ ಕಲಿಸಿದರು. ಮುಂದೆ ಮದುವೆಯಾಗಿ ಮನೆ ಮಾಡುವ ಹುಡುಗಿ ಎಂದುಕೊಂಡು ಹೇಳಿಕೊಟ್ಟರು. ನನಗಂತೂ ಇದೇ ಮುಖ್ಯ ಅನ್ನಿಸುತ್ತದೆ. ಮಿನೆಸೊಟಾದ ಯುವಕರು ತಮಗಾಗಿ ನಕಲು ಮಾಡಿಕೊಂಡರು. ಮೀನಾ ಆ ಹಾಳೆಗಳನ್ನು ಸೇರಿಸಿ ಮಗಳಿಗೆ ಕಳಿಸಿದರು. ಎರಡೂ ಹಸಿವಿನಿಂದಲೇ ಹುಟ್ಟಿದವು, ಆದರೆ ಒಂದು ಹಾಳೆಯ ಮೇಲೆ ವಿಳಾಸವಿದೆ.

‘ಇದು ಆತ್ಮದ ಪ್ರತಿಭಟನೆ’ ಎಂದು ಪ್ರತಿ ಲೇಖನದಲ್ಲೂ ಬರೆಯುತ್ತಾರೆ. ಆ ಮಾತನ್ನು ನಾನು ಬಹಳ ಜೋಪಾನವಾಗಿ ಬಳಸುತ್ತೇನೆ. ಬದುಕಿ ಬಂದವರಲ್ಲಿ ಊಟದ ಮಾತು ನಮ್ಮನ್ನು ಬದುಕಿಸಿತು ಎಂದವರಿದ್ದಾರೆ. ದಯವಿಟ್ಟು ನಿಲ್ಲಿಸಿ, ಕೇಳಲಾಗುವುದಿಲ್ಲ ಎಂದು ಕಿವಿ ಮುಚ್ಚಿಕೊಂಡವರೂ ಇದ್ದಾರೆ. ಒಬ್ಬಳಿಗೆ ಸಮಾಧಾನ ಕೊಟ್ಟದ್ದು ಪಕ್ಕದ ಬಂಕಿನವಳಿಗೆ ಚಿತ್ರಹಿಂಸೆ. ಪ್ರತಿಭಟನೆ ಎಂಬ ಒಂದೇ ಪದದಲ್ಲಿ ಕಿವಿ ಮುಚ್ಚಿಕೊಂಡವಳು ಮಾಯವಾಗುತ್ತಾಳೆ. ಬರೆಯಲು ಪೆನ್ಸಿಲ್, ಕಾಗದ ಸಿಕ್ಕವರು ಎಷ್ಟು ಜನ ಎಂಬ ಪ್ರಶ್ನೆಯೂ ಇದೆ. ಉಳಿದು ಬಂದ ಪುಸ್ತಕಗಳಲ್ಲಿ ಮಧ್ಯ ಯುರೋಪಿನ ಓದು ಬರಹ ಬಲ್ಲ ಮನೆತನಗಳ ಬೆಣ್ಣೆ, ಬಾದಾಮಿ, ಚಾಕೊಲೇಟು ತುಂಬಿವೆ. ಪೋಲೆಂಡಿನ ಬಡ ಯಹೂದಿ ತಾಯಿ ಶುಕ್ರವಾರ ರಾತ್ರಿ ಏನು ಬೇಯಿಸುತ್ತಿದ್ದಳು ಎಂಬುದು ಇವುಗಳಲ್ಲಿ ಇಲ್ಲ. ಅದನ್ನು ಬೇರೆ ಕಡೆ, ಘೆಟ್ಟೋ ದಾಖಲೆಗಳಲ್ಲಿ, ಸಾಕ್ಷ್ಯಗಳಲ್ಲಿ ಹುಡುಕಬೇಕು. ಹೆಲೆನ್ ಸಿನ್‌ರೈಖ್ ಅವರ 2023ರ ಪುಸ್ತಕ ವಾರ್ಸಾ, ವುಚ್, ಕ್ರಾಕೋವ್ ಘೆಟ್ಟೋಗಳ ಹಸಿವನ್ನು ಹಾಗೆ ಒಟ್ಟುಗೂಡಿಸುತ್ತದೆ.

ಧರ್ಮದ ಕಡೆಯಿಂದಲೂ ಒಂದು ಮಾತು ಹೇಳಬೇಕು, ಯಾಕೆಂದರೆ ಯಹೂದಿ ಊಟದಲ್ಲಿ ಏನು ತಿನ್ನಬೇಕು ಎಂಬುದಕ್ಕಿಂತ ಏನು ತಿನ್ನಬಾರದು ಎಂಬುದೇ ದೊಡ್ಡದು. ನಮ್ಮಲ್ಲಿ ಆಪದ್ಧರ್ಮ ಎನ್ನುತ್ತೇವಲ್ಲ, ಅವರಲ್ಲೂ ಜೀವ ಉಳಿಸುವುದಕ್ಕಾಗಿ ಹೆಚ್ಚುಕಡಿಮೆ ಎಲ್ಲ ನಿಯಮವನ್ನೂ ಮೀರಬಹುದು. ಆದರೂ ಜನ ಕೇಳಿದರು. ಲಿಥುವೇನಿಯಾದ ಕೋವ್ನೋ ಘೆಟ್ಟೋದಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಎಫ್ರಾಯಿಮ್ ಓಶ್ರಿ ಅವರ ಹತ್ತಿರ, ವಿಮಾನ ನಿಲ್ದಾಣದ ಜೀತದಲ್ಲಿ ಕೊಡುವ ನಿಷಿದ್ಧ ಸೂಪನ್ನು ಕುಡಿಯಬಹುದೇ ಎಂದು ಕೇಳಿಕೊಂಡು ಬಂದರು. ಕುಡಿಯಿರಿ ಎಂದರು. ಪ್ರಶ್ನೆ ಉತ್ತರಗಳನ್ನು ಚೂರು ಕಾಗದದಲ್ಲಿ ಬರೆದು ಡಬ್ಬಿಯಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ತೆಗೆದು ಪ್ರಕಟಿಸಿದರು. ಬೆರ್ಗೆನ್-ಬೆಲ್ಸೆನ್ ಕ್ಯಾಂಪಿನಲ್ಲಿ 1944ರ ಪಾಸ್‌ಓವರ್ ಹಬ್ಬಕ್ಕೆ ಹುಳಿ ಬರಿಸದ ರೊಟ್ಟಿ ಸಿಗಲಿಲ್ಲ. ಹಬ್ಬದ ಎಂಟು ದಿನ ಹುಳಿ ರೊಟ್ಟಿ ಮುಟ್ಟುವಂತಿಲ್ಲ, ಮುಟ್ಟದಿದ್ದರೆ ಸಾವು. ಅಲ್ಲಿದ್ದ ಡಚ್ ರಬ್ಬಿಗಳು ಒಂದು ಪ್ರಾರ್ಥನೆ ರಚಿಸಿದರು. ನಿನ್ನ ಆಜ್ಞೆ ನಡೆಸುವುದೇ ನಮ್ಮ ಇಚ್ಛೆ ಎಂದು ನಿನಗೆ ಗೊತ್ತು, ಆದರೆ ಈ ದಾಸ್ಯ ನಮ್ಮನ್ನು ತಡೆಯುತ್ತಿದೆ, ಆಜ್ಞೆಗಳಿಂದ ಬದುಕಬೇಕು ಎಂದಿದ್ದೀಯೇ ಹೊರತು ಸಾಯಬೇಕು ಎಂದಿಲ್ಲ, ಆದ್ದರಿಂದ ಈ ರೊಟ್ಟಿ ತಿನ್ನುತ್ತಿದ್ದೇವೆ ಎಂಬ ಅರ್ಥದ್ದು. ತಿನ್ನುವ ಮುಂಚೆ ಅದನ್ನು ಹೇಳಿಕೊಂಡು ತಿನ್ನಬೇಕಿತ್ತು. ನಿಯಮ ಮುರಿದರು, ಆದರೆ ಮರೆತು ಮುರಿಯಲಿಲ್ಲ.

ಇನ್ನು ಓದುವ ವಿಧಾನ. ಇಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಟೆರೆಜಿನ್ ಪುಸ್ತಕದಲ್ಲಿ ತಪ್ಪುಗಳು ಧಾರಾಳವಾಗಿವೆ. ಒಂದು ಕೇಕಿಗೆ ಬೇಕಾದ ಪದಾರ್ಥವೇ ಬಿಟ್ಟುಹೋಗಿದೆ, ಇನ್ನೊಂದರಲ್ಲಿ ಪಟ್ಟಿಯಲ್ಲಿದ್ದದ್ದು ಮಾಡುವ ಕ್ರಮದಲ್ಲಿ ಬರುವುದೇ ಇಲ್ಲ, ಎಷ್ಟು ಹೊತ್ತು ಬೇಯಿಸಬೇಕು ಎಂಬುದಿಲ್ಲ. ಇವನ್ನು ತಿದ್ದಿ, ಇಂದಿನ ಓವನ್ನಿಗೆ ಹೊಂದಿಸಿ ಚೊಕ್ಕ ಮಾಡಬೇಕು ಎನ್ನುವವರಿದ್ದಾರೆ. ಬೇಡ. ನಾಲ್ಕು ದಶಕ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೇಕಿಗೆ ಮೊಟ್ಟೆ ಎಷ್ಟು ಎಂಬುದು ಆ ಕೈಗೆ ಮರೆತುಹೋಯಿತು ಎಂದರೆ, ಹಸಿವು ದೇಹವನ್ನಷ್ಟೇ ಅಲ್ಲ ನೆನಪನ್ನೂ ತಿಂದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕೆಲವು ಕಡೆ ಕಾರಣ ಸರಳವಾಗಿಯೂ ಇದ್ದೀತು: ಗೊತ್ತಿರುವವರಿಗೆ ಬರೆಯುವಾಗ ಯಾರೂ ಎಲ್ಲವನ್ನೂ ಬರೆಯುವುದಿಲ್ಲ. ನನ್ನ ತಾಯಿಯ ಪುಸ್ತಕದಲ್ಲಿ ಹೋಳಿಗೆಗೆ ‘ಕಣಕ ಹದವಾಗಿ ಕಲಸಿ’ ಎಂದಷ್ಟೇ ಇದೆ, ಆ ಹದ ಅವರ ಬೆರಳಿನಲ್ಲಿತ್ತು. ಯಾವುದು ಹಸಿವಿನ ಮರೆವು, ಯಾವುದು ಗೃಹಿಣಿಯ ಸಂಕ್ಷೇಪ ಎಂದು ಬೇರ್ಪಡಿಸುವುದೇ ಓದುಗರ ಕೆಲಸ. ತಿದ್ದಿಬಿಟ್ಟರೆ ಆ ಕೆಲಸಕ್ಕೆ ಆಧಾರವೇ ಉಳಿಯುವುದಿಲ್ಲ.

ಹೋಲಿಕೆಗೆ ಇನ್ನೊಂದು ಬಗೆಯ ಪುಸ್ತಕ ನೋಡಿ. ಈಗಿನ ಸರ್ಬಿಯಾದ ಸುಬೊಟಿತ್ಸಾದಲ್ಲಿ ಫೆನ್ವೆಸ್ ಎಂಬ ಯಹೂದಿ ಕುಟುಂಬವನ್ನು 1944ರಲ್ಲಿ ಮನೆಯಿಂದ ಹೊರಹಾಕಿದಾಗ, ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತ ಜನ ಒಳಗೆ ನುಗ್ಗಿ ಸಿಕ್ಕಿದ್ದನ್ನು ದೋಚಿದರು. ಆ ಗುಂಪಿನಲ್ಲಿ ಮುಂಚೆ ಆ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಮಾರಿಸ್ ಕೂಡ ಇದ್ದರು. ಅವರು ಎತ್ತಿಕೊಂಡದ್ದು ಮನೆಯೊಡತಿಯ ಅಡುಗೆ ಪುಸ್ತಕ ಮತ್ತು ಆಕೆ ಬರೆದ ಚಿತ್ರಗಳು. ಒಡತಿ ಹಿಂತಿರುಗಲಿಲ್ಲ. ಬದುಕಿ ಬಂದ ಮಕ್ಕಳ ಕೈಗೆ ಆ ಪುಸ್ತಕ ಸೇರಿತು. ಇದೂ ಈಗ ವಾಷಿಂಗ್ಟನ್‌ನ ಅದೇ ಮ್ಯೂಸಿಯಂನಲ್ಲಿದೆ. ಇದು ತುಂಬಿದ ಉಗ್ರಾಣದ ಮುಂದೆ ನಿಂತು, ದಿನವೂ ಬಳಸುತ್ತ ಬರೆದ ಪುಸ್ತಕ. ಇದರಲ್ಲಿ ಅಳತೆ ನಂಬಬಹುದು. ಟೆರೆಜಿನ್‌ನದು ಖಾಲಿ ಬಟ್ಟಲ ಮುಂದೆ ಬರೆದದ್ದು. ಎರಡರ ಮೇಲೂ ‘ಹೊಲೊಕಾಸ್ಟ್ ಅಡುಗೆ ಪುಸ್ತಕ’ ಎಂಬ ಒಂದೇ ಚೀಟಿ ಅಂಟಿಸುವುದನ್ನು ನೋಡಿದಾಗ ಬೇಸರವಾಗುತ್ತದೆ.

ಮಾಡಿ ತಿನ್ನಬಹುದೇ ಎಂದು ಕೇಳಿದ್ದೀರಿ. ಫೆನ್ವೆಸ್ ಪುಸ್ತಕದಿಂದ ಮಾಡಬಹುದು. ಆ ಮನೆಯ ಮಗ ಸ್ಟೀವನ್ ಫೆನ್ವೆಸ್ ಅವರಿಗಾಗಿ ಅಮೆರಿಕದ ಬಾಣಸಿಗ ಅಲೋನ್ ಶಾಯಾ ಅದರ ಅಡುಗೆಗಳನ್ನು ಮಾಡಿದರು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಮಗನಿಗೆ ಅಮ್ಮನ ಮನೆಯ ರುಚಿ ಸಿಕ್ಕಿತು. ಮಗನೇ ಬಯಸಿದ ಅಡುಗೆ ಅದು, ಯಾರ ತಕರಾರೂ ಇರಲಾರದು. ಟೆರೆಜಿನ್ ಪುಸ್ತಕವನ್ನು ಮಾತ್ರ ನಾನು ಒಲೆಯ ಹತ್ತಿರ ಒಯ್ಯುವುದಿಲ್ಲ. ತಪ್ಪು ಎಂದು ಬೇರೆಯವರನ್ನು ದೂರುವುದಿಲ್ಲ, ಬದುಕಿ ಬಂದವರ ಮನೆಗಳಲ್ಲಿ ಮಾಡಿಕೊಂಡರೆ ಅದು ಅವರ ಹಕ್ಕು. ಆದರೆ ತರಗತಿಯಲ್ಲಿ ಕೇಕ್ ಹಂಚಿ, ಮಕ್ಕಳೇ ಇದು ಟೆರೆಜಿನ್ ಕೇಕ್ ಎಂದರೆ ಅವರಿಗೆ ನೆನಪಿರುವುದು ಸಿಹಿ. ಅದರ ಬದಲು ಆ ಹತ್ತು ಮೊಟ್ಟೆಯ ಅಡುಗೆಯನ್ನು ಬೋರ್ಡಿನ ಮೇಲೆ ಬರೆಯಿರಿ, ಪಕ್ಕದಲ್ಲಿ ಟೆರೆಜಿನ್‌ನ ಒಂದು ದಿನದ ಪಡಿ ಬರೆಯಿರಿ. ಒಂದು ಗಂಟೆಯ ಪಾಠ ಅಲ್ಲಿಂದಲೇ ನಡೆಯುತ್ತದೆ.

ನೀವು ಮುಂದೆ ಓದುವುದಾದರೆ ಮೊದಲು ಹಾಯ್ಕೋವಾ, ಆಮೇಲೆ ಸಿನ್‌ರೈಖ್, ಆ ಮೇಲೆ ಟೆರೆಜಿನ್ ಪುಸ್ತಕ. ಅಡುಗೆ ಪುಸ್ತಕದಿಂದ ಶುರು ಮಾಡಿದವರು ಹೆಚ್ಚಾಗಿ ಅಲ್ಲೇ ಕಣ್ಣೀರಿನಲ್ಲಿ ನಿಂತುಬಿಡುತ್ತಾರೆ. ಹಸಿವು ಹೇಗೆ ಆಡಳಿತವಾಗಿತ್ತು, ಯಾರ ಸಹಿಯಿಂದ ಬ್ರೆಡ್ಡು ತೂಕ ಕಳೆದುಕೊಂಡಿತು ಎಂಬುದು ಮೊದಲೇ ಗೊತ್ತಿದ್ದರೆ, ಐದು ಡೆಕಾ ಬೆಣ್ಣೆ ಎಂಬ ಸಾಲನ್ನು ಓದುವಾಗ ಆ ಐವತ್ತು ಗ್ರಾಂ ಎಷ್ಟು ಭಾರ ಎಂದು ತಿಳಿಯುತ್ತದೆ.

ನಿಮ್ಮ ಅಜ್ಜಿಯ ನೋಟ್‌ಬುಕ್ಕಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ದಯವಿಟ್ಟು ಅದನ್ನು ಹೊಸ ಪುಸ್ತಕಕ್ಕೆ ನೀಟಾಗಿ ಬರೆದು ಹಳೆಯದನ್ನು ರದ್ದಿಗೆ ಹಾಕಬೇಡಿ. ಮೊದಲು ಹಗಲು ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆಯಿರಿ, ಎಣ್ಣೆ ಕಲೆಯ ಪುಟ, ಹಾಲಿನ ಲೆಕ್ಕ ಬರೆದ ಹಿಂಬದಿ, ಹೊಡೆದು ಹಾಕಿದ ಸಾಲು ಯಾವುದನ್ನೂ ಬಿಡಬೇಡಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ವರ್ಷ ಕಳೆದಂತೆ ಕಾಗದವನ್ನು ಹಳದಿ ಮಾಡಿ ತಿನ್ನುತ್ತದೆ. ಮನೆಯ ಹಿರಿಯರು ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾರ ಕೈಬರಹ, ಈ ಸಾರು ಯಾರ ಮನೆಯಿಂದ ಬಂತು ಎಂದು ಕೇಳಿ, ಅವರು ಹೇಳಿದ್ದನ್ನು ತಾರೀಖು ಹಾಕಿ ಬೇರೆ ಹಾಳೆಯಲ್ಲಿ ಬರೆದಿಡಿ. ಅಜ್ಜಿಯ ಪುಟದ ಮೇಲೆ ಪೆನ್ನು ಮುಟ್ಟಿಸಬೇಡಿ.